ಮೂರು ಸಲ ಅಡ್ಡ ನಿಂತ ಹಡಗು

1815ರ ಜುಲೈ 23. ಬೆಳಗಿನ ಜಾವ ನಾಲ್ಕೂವರೆಯ ಹೊತ್ತು. ಫ್ರಾನ್ಸಿನ ಪಶ್ಚಿಮ ತುದಿಯ ಉಶಾಂತ್ ದ್ವೀಪ ದೂರದಲ್ಲಿ ಮಸುಕಾಗಿ ಕಾಣುತ್ತಿತ್ತು. ಇಂಗ್ಲೆಂಡಿನತ್ತ ಹೊರಟಿದ್ದ ಯುದ್ಧಹಡಗೊಂದರ ಮೇಲೆ ಖಲಾಸಿಗಳು ದಿನದ ಮೊದಲ ಕೆಲಸ ಹಿಡಿದಿದ್ದರು. ಡೆಕ್‌ಗೆ ನೀರು ಸುರಿದು, ಮರಳು ಚೆಲ್ಲಿ, ಮೊಣಕಾಲೂರಿ ಕಲ್ಲಿನಿಂದ ಹಲಗೆ ತಿಕ್ಕುವ ಕೆಲಸ. ಅಷ್ಟರಲ್ಲಿ ಕ್ಯಾಪ್ಟನ್ನನ ಕೋಣೆಯ ಕಡೆಯಿಂದ ದಪ್ಪ ಮೈಯ ಗಂಡಸೊಬ್ಬ ಹೊರಗೆ ಬಂದ. ಅಷ್ಟು ಬೇಗ ಅವನು ಎದ್ದು ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಒದ್ದೆ ಹಲಗೆಯ ಮೇಲೆ ಅವನ ಹೆಜ್ಜೆ ತಪ್ಪುವುದನ್ನು ಕಂಡು, ಕಾವಲಿನಲ್ಲಿದ್ದ ಹುಡುಗ ಅಧಿಕಾರಿ ಜಾರ್ಜ್ ಹೋಮ್ ಹೋಗಿ ತೋಳು ಕೊಟ್ಟ. ಆ ತೋಳು ಹಿಡಿದು ಅವನು ಹಡಗಿನ ಹಿಂಭಾಗದ ಎತ್ತರದ ಡೆಕ್ ಹತ್ತಿದ. ಜೇಬಿನಿಂದ ಸಣ್ಣ ದೂರದರ್ಶಕ ತೆಗೆದು ನೆಲದ ಕಡೆ ಹಿಡಿದ.

ಮಧ್ಯಾಹ್ನ ಹತ್ತಿರವಾಗುವವರೆಗೂ ಅವನು ಅಲ್ಲಿಂದ ಕದಲಲಿಲ್ಲ. ಹಿಂದೆ ಬಂದು ನಿಂತ ಅವನ ಪರಿವಾರದವರೊಂದಿಗೂ ಮಾತಿಲ್ಲ. ಫ್ರಾನ್ಸಿನ ನೆಲ ಕಣ್ಣಿಂದ ಮರೆಯಾದ ಮೇಲೆ ಕೆಳಗಿಳಿದ. ಅವನು ನೆಪೋಲಿಯನ್ ಬೋನಪಾರ್ಟ್. ಆ ನೆಲವನ್ನು ಅವನು ಮತ್ತೆ ನೋಡಲಿಲ್ಲ.

ಆ ಬೆಳಗಿನ ನೆಪೋಲಿಯನ್ನನನ್ನು ವಿಲಿಯಂ ಕ್ವಿಲ್ಲರ್ ಆರ್ಚರ್ಡ್‌ಸನ್ 1880ರಲ್ಲಿ ದೊಡ್ಡ ಕ್ಯಾನ್‌ವಾಸಿನ ಮೇಲೆ ಬಿಡಿಸಿದ. ಚಿತ್ರ ನೋಡುವವರ ಕಣ್ಣು ಸಹಜವಾಗಿ ಚಕ್ರವರ್ತಿಯ ಮೇಲೆ ನಿಲ್ಲುತ್ತದೆ. ಅವನ ಕಾಲ ಕೆಳಗಿನ ಹಲಗೆಗಳನ್ನು ಗಮನಿಸುವವರು ಕಡಿಮೆ. ಆ ಹಲಗೆಗಳಿಗೂ ಅವನಿಗೂ ಹದಿನೇಳು ವರ್ಷಗಳ ಹಗೆ ಇತ್ತು. ಅವನ ಪೂರ್ವದೇಶದ ಕನಸು ಉರಿದುಹೋದ ರಾತ್ರಿ ಈ ಹಡಗು ಅಲ್ಲಿತ್ತು. ಅವನ ನೌಕಾಬಲ ಮುರಿದ ಹಗಲೂ ಅಲ್ಲಿತ್ತು. ಕೊನೆಗೆ ಅವನು ತಪ್ಪಿಸಿಕೊಳ್ಳಲು ನೋಡಿದಾಗ ಬಂದರಿನ ಬಾಯಲ್ಲಿ ನಿಂತಿದ್ದದ್ದೂ ಇದೇ. ಹೆಸರು ಎಚ್‌ಎಂಎಸ್ ಬೆಲೆರೊಫನ್.

ಬಾಯಿಗೆ ಒಗ್ಗದ ಹೆಸರು

ಬೆಲೆರೊಫನ್ ಗ್ರೀಕ್ ಪುರಾಣದ ವೀರ. ರೆಕ್ಕೆಯ ಕುದುರೆ ಪೆಗಾಸಸ್ ಏರಿ, ಬೆಂಕಿಯುಗುಳುವ ಕೈಮೀರಾ ಎಂಬ ಮೃಗವನ್ನು ಕೊಂದವನು. ಆಮೇಲೆ ಅದೇ ಕುದುರೆಯ ಮೇಲೆ ದೇವತೆಗಳ ಬೆಟ್ಟಕ್ಕೇ ಹೋಗುತ್ತೇನೆಂದು ಹೊರಟು ಕೆಳಗೆ ಬಿದ್ದ. ನಮ್ಮ ತ್ರಿಶಂಕುವಿಗೆ ನಡುವೆ ನಿಲ್ಲಲಾದರೂ ಒಂದು ಸ್ವರ್ಗ ಸಿಕ್ಕಿತು, ಇವನಿಗೆ ಅದೂ ಸಿಗಲಿಲ್ಲ. ಹಡಗಿನ ಮೂತಿಗೆ ಈ ವೀರನ ಕೆತ್ತನೆಯ ಬೊಂಬೆ ಇತ್ತು.

ಪುರಾಣ ಓದಿದವರು ಇಟ್ಟ ಹೆಸರು ಹಗ್ಗ ಎಳೆಯುವವರ ಬಾಯಿಗೆ ಒಗ್ಗಲಿಲ್ಲ. ಶ್ರೀರಂಗಪಟ್ಟಣವನ್ನು ಸೆರಿಂಗಪಟಮ್ ಮಾಡಿದ, ಮಡಿಕೇರಿಯನ್ನು ಮರ್ಕರಾ ಮಾಡಿದ ನಾಲಿಗೆ ಗ್ರೀಕ್ ಹೆಸರನ್ನು ಬಿಟ್ಟೀತೇ? ನಾವಿಕರು ಅದನ್ನು ‘ಬಿಲ್ಲಿ ರಫಿಯನ್’ ಎಂದು ತಿರುಗಿಸಿಕೊಂಡರು. ರಫಿಯನ್ ಎಂದರೆ ಪುಂಡ. ಪುಂಡ ಬಿಲ್ಲಿ! ಬಂದರಿನ ಹೆಂಡದಂಗಡಿಗಳಲ್ಲಿ ಹಡಗು ಗುರುತಾದದ್ದು ಈ ಹೆಸರಿನಿಂದಲೇ.

ಪುಂಡ ಬಿಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೆಡ್‌ವೇ ನದಿಯ ದಡದಲ್ಲಿ, ಫ್ರಿಂಡ್ಸ್‌ಬರಿ ಎಂಬಲ್ಲಿನ ಎಡ್ವರ್ಡ್ ಗ್ರೀವ್ಸ್‌ನ ಖಾಸಗಿ ಹಡಗುಕಟ್ಟೆಯಲ್ಲಿ. ಅಮೆರಿಕದ ವಸಾಹತುಗಳ ಯುದ್ಧ ನಡೆಯುತ್ತಿದ್ದ 1782ರಲ್ಲಿ ನೌಕಾಡಳಿತ ಕಟ್ಟಲು ಹೇಳಿತು. ಕಟ್ಟಿ ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1786ರ ಅಕ್ಟೋಬರ್ 6ರಂದು ಹಡಗು ನೀರಿಗಿಳಿಯಿತು. ಆಗ ನೆಪೋಲಿಯನ್‌ಗೆ ಹದಿನೇಳು ವರ್ಷ. ಫ್ರೆಂಚ್ ದೊರೆಯ ತೋಪುಪಡೆಯಲ್ಲಿ ಕಿರಿಯ ಅಧಿಕಾರಿ.

ತೋಪುಗಳ ನಡುವೆ ಸಂಸಾರ

ನಕ್ಷೆ ಸರ್ ಥಾಮಸ್ ಸ್ಲೇಡ್‌ನದು. ಇಂಗ್ಲಿಷ್ ಅಡ್ಮಿರಲ್ ನೆಲ್ಸನ್‌ನ ಪ್ರಸಿದ್ಧ ಹಡಗು ‘ವಿಕ್ಟರಿ’ಯ ನಕ್ಷೆಯೂ ಅವನದೇ. ಆದರೆ ವಿಕ್ಟರಿ ನೂರು ತೋಪುಗಳ ಮೂರಂತಸ್ತಿನ ರಾಜಹಡಗು. ಬೆಲೆರೊಫನ್ 74 ತೋಪುಗಳ ದುಡಿಮೆಯ ಹಡಗು. ಆ ಕಾಲದ ನೌಕಾಪಡೆಗೆ ‘ಎಪ್ಪತ್ನಾಲ್ಕು’ ಎಂದರೆ ರೈತನಿಗೆ ಜೋಡೆತ್ತು ಇದ್ದ ಹಾಗೆ. ಸಾಲಿನಲ್ಲಿ ನಿಂತು ಹೊಡೆದಾಡುವಷ್ಟು ಗಟ್ಟಿ, ಓಡಿಸಿಕೊಂಡು ಹೋಗುವಷ್ಟು ಚುರುಕು, ಖಜಾನೆಗೆ ಎಟುಕುವ ಬೆಲೆ. 

ತೋಪಿನ ಡೆಕ್‌ನ ಉದ್ದ 168 ಅಡಿ, ಹಡಗಿನ ಅಗಲ 47 ಅಡಿಗೆ ಸ್ವಲ್ಪ ಕಡಿಮೆ. ಕೆಳಗಿನ ಅಂತಸ್ತಿನಲ್ಲಿ 32 ಪೌಂಡ್ ಗುಂಡು ಹಾರಿಸುವ 28 ತೋಪು, ಮೇಲಿನದರಲ್ಲಿ 18 ಪೌಂಡಿನ 28, ಅದರ ಮೇಲೆ 9 ಪೌಂಡಿನ ಹದಿನೆಂಟು ಸಣ್ಣವು. ಕೆಳಗಿನ ಒಂದೊಂದು ತೋಪು ಎರಡೂವರೆ ಟನ್ ಮೀರಿ ತೂಗುತ್ತಿತ್ತು. ಅದನ್ನು ಗೂಡಿನಿಂದ ಹೊರಕ್ಕೆ ಎಳೆಯುವುದು, ಹಾರಿಸಿದೊಡನೆ ಹಿಂದಕ್ಕೆ ನೆಗೆಯುವ ಅದನ್ನು ಹಗ್ಗದಲ್ಲಿ ತಡೆಯುವುದು, ಒದ್ದೆ ಬಟ್ಟೆಯ ಕೋಲಿನಿಂದ ಒಳಗಿನ ಕಿಡಿ ಆರಿಸುವುದು, ಮತ್ತೆ ಮದ್ದು, ಮತ್ತೆ ಗುಂಡು. ಪ್ರತಿಯೊಂದೂ ಕೈಕೆಲಸ. ಕೆಳಗಿನ ಮದ್ದಿನ ಮನೆಯಿಂದ ಮದ್ದಿನ ಚೀಲ ಹೊತ್ತು ಓಡಿ ತರುತ್ತಿದ್ದವರಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರೂ ಇದ್ದರು.

ಈ ಮರದ ಪೆಟ್ಟಿಗೆಯಲ್ಲಿ ಐನೂರೈವತ್ತಕ್ಕೂ ಹೆಚ್ಚು ಜನ ತಿಂಗಳುಗಟ್ಟಲೆ ಬದುಕುತ್ತಿದ್ದರು. ತೋಪುಗಳ ನಡುವೆಯೇ ಊಟದ ಮೇಜು. ರಾತ್ರಿ ತೊಲೆಗಳಿಗೆ ಬಟ್ಟೆಯ ತೂಗುಮಂಚ ಕಟ್ಟಿದರೆ ಅದೇ ಮಲಗುವ ಮನೆ. ನಿಯಮದ ಪ್ರಕಾರ ಒಬ್ಬನಿಗೆ ಸಿಗುವ ಜಾಗ ಹದಿನಾಲ್ಕು ಅಂಗುಲ. ಅರ್ಧದಷ್ಟು ಜನ ಸದಾ ಪಹರೆಯಲ್ಲಿ ಇರುತ್ತಿದ್ದುದರಿಂದ ಹೇಗೋ ಹೊರಳಾಡಲು ಜಾಗ ಸಿಗುತ್ತಿತ್ತು. ಬಂದರಿನ ಬೀದಿಗಳಲ್ಲಿ ಬಲವಂತವಾಗಿ ಹಿಡಿದು ತಂದವರೂ ಆ ತೂಗುಮಂಚಗಳಲ್ಲಿ ಇರುತ್ತಿದ್ದರು ಎಂಬುದನ್ನು ನೌಕಾಪಡೆಯ ವೀರಗಾಥೆಗಳು ಮೆಲ್ಲಗೆ ದಾಟಿಬಿಡುತ್ತವೆ.

ಮೊದಲ ಪೆಟ್ಟು, ಒಂದು ಸುಳ್ಳು

ಮೊದಲ ಕೆಲವು ವರ್ಷ ಹಡಗಿಗೆ ಹೆಚ್ಚಿನ ಕೆಲಸವಿರಲಿಲ್ಲ. 1793ರಲ್ಲಿ ಕ್ರಾಂತಿಯ ಫ್ರಾನ್ಸ್ ಜೊತೆ ಯುದ್ಧ ಹತ್ತಿಕೊಂಡಿತು. ಮರುವರ್ಷ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ ನಡೆದ ದೊಡ್ಡ ಕಾಳಗಕ್ಕೆ ಇಂಗ್ಲಿಷರು ‘ವೈಭವದ ಜೂನ್ ಒಂದು’ ಎಂದೇ ಹೆಸರಿಟ್ಟರು. ಬೆಲೆರೊಫನ್ ಮೇಲಿದ್ದ ರಿಯರ್ ಅಡ್ಮಿರಲ್ ಥಾಮಸ್ ಪಾಸ್ಲಿಗೆ ಆ ವೈಭವ ಒಂದು ಕಾಲಿನ ಬೆಲೆಗೆ ಬಂತು. ಅವನ ಸಹಾಯಕನಾಗಿ ಡೆಕ್ ಮೇಲೆ ಓಡಾಡುತ್ತಿದ್ದ ಯುವಕ ಮ್ಯಾಥ್ಯೂ ಫ್ಲಿಂಡರ್ಸ್. ಮುಂದೆ ಆಸ್ಟ್ರೇಲಿಯಾ ಖಂಡವನ್ನು ಸುತ್ತಿಬಂದು ಅದರ ನಕ್ಷೆ ಬರೆದವನು ಇವನೇ.

1795ರ ಜೂನ್ 17ರ ಪ್ರಸಂಗದಲ್ಲಿ ನಮಗೆ ಪರಿಚಯದ ಮನೆತನದ ಹೆಸರೊಂದು ಬರುತ್ತದೆ. ವೈಸ್ ಅಡ್ಮಿರಲ್ ವಿಲಿಯಂ ಕಾರ್ನ್‌ವಾಲಿಸ್ ಐದು ದೊಡ್ಡ ಹಡಗುಗಳೊಂದಿಗೆ ಬ್ರಿಟನಿ ತೀರದಲ್ಲಿದ್ದಾಗ ಹನ್ನೆರಡು ದೊಡ್ಡ ಹಡಗುಗಳ ಫ್ರೆಂಚ್ ಪಡೆ ಬೆನ್ನು ಹತ್ತಿತು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಲಾರ್ಡ್ ಕಾರ್ನ್‌ವಾಲಿಸ್‌ನ ತಮ್ಮನೇ ಈ ವಿಲಿಯಂ. ಅಣ್ಣ ಟಿಪ್ಪುವಿನ ಮೇಲೆ ದಂಡೆತ್ತಿದಾಗ ಇವನು ನಮ್ಮ ಪಶ್ಚಿಮ ಕರಾವಳಿಯ ತೆಲ್ಲಿಚೆರಿ ಕಡೆ ಫ್ರೆಂಚ್ ಹಡಗುಗಳನ್ನು ತಡೆದು ತಪಾಸಣೆ ಮಾಡಿಸುತ್ತಿದ್ದ.

ಆ ದಿನ ಅವನ ತಲೆನೋವು ಶತ್ರುವಿನಷ್ಟೇ ಬೆಲೆರೊಫನ್ ಕೂಡ. ಎಂದೂ ಹಾರುವಂತೆ ಓಡುತ್ತಿದ್ದ ಹಡಗು ಅಂದು ಮಿಸುಕಲಿಲ್ಲ. ಲಂಗರು, ದೋಣಿ, ಕುಡಿಯುವ ನೀರು ಎಲ್ಲವನ್ನೂ ಸಮುದ್ರಕ್ಕೆಸೆದು ಹಗುರ ಮಾಡಬೇಕಾಯಿತು. ಕೊನೆಗೆ ಪಾರು ಮಾಡಿದ್ದು ಒಂದು ಸುಳ್ಳು. ‘ಫೇಟನ್’ ಎಂಬ ಸಣ್ಣ ಹಡಗು ಮುಂದೆ ಹೋಗಿ, ದಿಗಂತದಾಚೆ ಇಂಗ್ಲಿಷರ ಇಡೀ ನೌಕಾಪಡೆ ಬರುತ್ತಿದೆ ಎಂಬಂತೆ ಬಾವುಟದ ಸನ್ನೆ ಮಾಡತೊಡಗಿತು. ಸನ್ನೆಯ ಅರ್ಥ ಫ್ರೆಂಚರಿಗೂ ಗೊತ್ತಿತ್ತು, ಗೊತ್ತಿದ್ದದ್ದೇ ಎಡವಟ್ಟಾಯಿತು. ಅವರು ನಂಬಿ ಹಿಂದಿರುಗಿದರು.

ಟಿಪ್ಪುವಿನ ಬಾಗಿಲು ಮುಚ್ಚಿದ ರಾತ್ರಿ

1798ರ ಆಗಸ್ಟ್ 1. ಈಜಿಪ್ಟಿನ ಅಬೂಕಿರ್ ಕೊಲ್ಲಿ. ಒಂದು ತಿಂಗಳ ಹಿಂದೆ ನೆಪೋಲಿಯನ್ ಅಲ್ಲಿ ಸೈನ್ಯ ಇಳಿಸಿದ್ದ. ಅವನ ಹದಿಮೂರು ದೊಡ್ಡ ಹಡಗುಗಳು ಕೊಲ್ಲಿಯಲ್ಲಿ ಸಾಲಾಗಿ ಲಂಗರು ಹಾಕಿದ್ದವು. ಸಂಜೆ ನೆಲ್ಸನ್‌ನ ಪಡೆ ಬಂತು. ಕತ್ತಲಾಗುವುದನ್ನೂ ಲೆಕ್ಕಿಸದೆ ನುಗ್ಗಿತು.

ಬೆಲೆರೊಫನ್ ನಿಲ್ಲಬೇಕೆಂದಿದ್ದ ಜಾಗ ಒಂದು, ಲಂಗರು ಕಚ್ಚಿದ್ದು ಇನ್ನೊಂದು ಕಡೆ. ಹಡಗು ಜಾರಿಕೊಂಡು ಹೋಗಿ ಸರಿಯಾಗಿ ‘ಲೋರಿಯಾಂ’ ಎದುರು ನಿಂತಿತು. ಅದು ಫ್ರೆಂಚ್ ಅಡ್ಮಿರಲ್ ಬ್ರ್ಯೂಯಿಯ ಹಡಗು. ಮೂರಂತಸ್ತು, ಸುಮಾರು 120 ತೋಪು. ಎರಡಂತಸ್ತಿನ ಹಡಗು ಅದರ ಮಗ್ಗುಲಲ್ಲಿ ನಿಲ್ಲುವುದೆಂದರೆ ಮನೆಯ ಗೋಡೆಗೆ ಕೋಟೆಯ ಗೋಡೆಯನ್ನು ಎದುರಿಟ್ಟ ಹಾಗೆ.

ಸುಮಾರು ಒಂದು ಗಂಟೆ ಇಬ್ಬರೂ ಕೂಗಳತೆಯಲ್ಲಿ ಒಬ್ಬರನ್ನೊಬ್ಬರು ಬಡಿದರು. ಕ್ಯಾಪ್ಟನ್ ಹೆನ್ರಿ ಡಾರ್ಬಿಗೆ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿತು. ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಬಿದ್ದರು. ನಡುವಿನ ಹಾಯಿಕಂಬ, ಹಿಂದಿನ ಕಂಬ ಎರಡೂ ಮುರಿದು ಡೆಕ್ ಮೇಲೆ ಉರುಳಿದವು. ನೀರಿನ ಮಟ್ಟಕ್ಕಿಂತ ಕೆಳಗಿನ ಕತ್ತಲ ಡೆಕ್‌ನಲ್ಲಿ, ಲಾಟೀನು ಬೆಳಕಿನಲ್ಲಿ, ಶಸ್ತ್ರವೈದ್ಯ ಜಾರ್ಜ್ ಬೆಲಮಿ ಕೈಕಾಲು ಕೊಯ್ಯುತ್ತಲೇ ಇದ್ದ. ಕಡೆಗೆ ಲಂಗರಿನ ಹಗ್ಗ ಕತ್ತರಿಸಿ ಹಡಗು ಹೊಗೆಯೊಳಗೆ ತೇಲಿಹೋಯಿತು. ಮುಂದಿನ ಕಂಬವೂ ಬಿತ್ತು.

ಇನ್ನೊಂದು ಗಂಡಾಂತರ ಮುಂದಿತ್ತು. ರಾತ್ರಿ ಗುರುತಿಗೆಂದು ನೆಲ್ಸನ್‌ನ ಎಲ್ಲ ಹಡಗುಗಳೂ ಹಿಂದಿನ ಕಂಬದಲ್ಲಿ ನಾಲ್ಕು ದೀಪ ಕಟ್ಟಬೇಕಿತ್ತು. ಬೆಲೆರೊಫನ್‌ಗೆ ಕಂಬವೇ ಇಲ್ಲ, ದೀಪ ಎಲ್ಲಿಂದ? ತಡವಾಗಿ ಬಂದ ‘ಸ್ವಿಫ್ಟ್‌ಶ್ಯೂರ್’ಗೆ ಕಂಡದ್ದು ಕಂಬವಿಲ್ಲದ, ದೀಪವಿಲ್ಲದ ಒಂದು ಕಪ್ಪು ಆಕಾರ. ತೋಪುಗಳು ಸಿದ್ಧವಾಗಿದ್ದವು. ಕ್ಯಾಪ್ಟನ್ ಹ್ಯಾಲೊವೆಲ್ ಮಾತ್ರ ತಡೆದ, ಮೊದಲು ಕೂಗಿ ಕೇಳಿ ಎಂದ. ಆ ಕೂಗಿಗೆ ಉತ್ತರ ಬಂದಿದ್ದರಿಂದ ಹಡಗು ಉಳಿಯಿತು. ಸ್ವಿಫ್ಟ್‌ಶ್ಯೂರ್ ಬೆಲೆರೊಫನ್ ಬಿಟ್ಟುಹೋದ ಜಾಗದಲ್ಲೇ ನಿಂತು ಹೊಡೆಯತೊಡಗಿತು. ರಾತ್ರಿ ಹತ್ತರ ಹೊತ್ತಿಗೆ ಲೋರಿಯಾಂ ಸಿಡಿದು ಚೂರಾಯಿತು. ಹದಿಮೂರು ಫ್ರೆಂಚ್ ಹಡಗುಗಳಲ್ಲಿ ತಪ್ಪಿಸಿಕೊಂಡವು ಎರಡೇ. ಬೆಲೆರೊಫನ್ ಮೇಲೆ 49 ಮಂದಿ ಸತ್ತಿದ್ದರು, 148 ಮಂದಿ ಗಾಯಗೊಂಡಿದ್ದರು. ಹಡಗಿನಲ್ಲಿದ್ದ ಪ್ರತಿ ಮೂವರಲ್ಲಿ ಒಬ್ಬ.

ಈ ಕಾಳಗದ ಸದ್ದು ನಮ್ಮ ನಾಡಿಗೂ ಮುಟ್ಟಿತು. ಟಿಪ್ಪು ಸುಲ್ತಾನ್ ಫ್ರೆಂಚರ ನೆರವು ಬೇಡಿ ಮಾರಿಷಸ್‌ಗೆ ದೂತರನ್ನು ಕಳಿಸಿದ್ದ. 1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದ ನೆರವೆಂದರೆ ನೂರರಷ್ಟೂ ಇಲ್ಲದ ಸ್ವಯಂಸೇವಕರು. ಈಜಿಪ್ಟಿಗೆ ಬಂದ ನೆಪೋಲಿಯನ್ ದೊಡ್ಡ ಆಸೆ ಹುಟ್ಟಿಸಿದ. ಕೈರೋದಿಂದ 1799ರ ಜನವರಿಯಲ್ಲಿ ಟಿಪ್ಪುವಿಗೆ ಕಾಗದವನ್ನೂ ಬರೆದ. ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಕೈಸೇರದಿದ್ದರೂ ಅಬೂಕಿರ್‌ನ ನಂತರ ಆ ಕಾಗದದ ಹಿಂದೆ ಬರಲು ಹಡಗುಗಳಿರಲಿಲ್ಲ. ಗೆದ್ದ ಸುದ್ದಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಮುಟ್ಟಿಸಲು ನೆಲ್ಸನ್ ಲೆಫ್ಟಿನೆಂಟ್ ಡುವಾಲ್ ಎಂಬಾತನನ್ನು ಅಲೆಪ್ಪೊ, ಬಾಗ್ದಾದ್, ಬಸ್ರಾ ದಾರಿಯಲ್ಲಿ ಬೊಂಬಾಯಿಗೆ ಅಟ್ಟಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕಂಪನಿ, ನಿಜಾಮರ ದಂಡು ಹೇಗೂ ಬರುತ್ತಿತ್ತು. ಅಬೂಕಿರ್‌ನಿಂದಲೇ ಟಿಪ್ಪು ಸೋತ ಎನ್ನುವುದು ಅತಿಮಾತು. ಆದರೆ ಅವನು ಕಣ್ಣಿಟ್ಟಿದ್ದ ಸಮುದ್ರದ ಬಾಗಿಲು ಆ ರಾತ್ರಿ ಮುಚ್ಚಿತು. ಅದಕ್ಕೆ ಹೆಗಲು ಕೊಟ್ಟವರಲ್ಲಿ ಪುಂಡ ಬಿಲ್ಲಿಯೂ ಒಬ್ಬ.

ಗುಂಡಿಗಿಂತ ಜ್ವರ ಹೆಚ್ಚು

ಕೆಲವು ವರ್ಷಗಳ ನಂತರ ಹಡಗನ್ನು ವೆಸ್ಟ್ ಇಂಡೀಸ್‌ಗೆ ಕಳಿಸಿದರು. ಅಲ್ಲಿ ದೊಡ್ಡ ಕಾಳಗಗಳಿಲ್ಲ, ವ್ಯಾಪಾರಿ ಹಡಗುಗಳಿಗೆ ಕಾವಲು, ಫ್ರೆಂಚ್ ಬಂದರುಗಳಿಗೆ ದಿಗ್ಬಂಧನ. 1804ರ ಆರಂಭದಲ್ಲಿ ಮಲೇರಿಯಾ ಹಡಗು ಹತ್ತಿತು. ಇನ್ನೂರಕ್ಕೂ ಹೆಚ್ಚು ಜನ ಮಲಗಿದರು. ಹಡಗಿನಲ್ಲೂ ದಡದ ಆಸ್ಪತ್ರೆಯಲ್ಲೂ ಸೇರಿ ಸತ್ತವರು ಐವತ್ತಕ್ಕೂ ಮಿಕ್ಕಿ. ಲೋರಿಯಾಂನ 120 ತೋಪುಗಳು ಕೊಂದದ್ದಕ್ಕಿಂತ ಹೆಚ್ಚು ಜನರನ್ನು ಸೊಳ್ಳೆ ಕೊಂದಿತು. ಆ ಸಾವುಗಳಿಗೆ ಪದಕವಿಲ್ಲ, ಚಿತ್ರವಿಲ್ಲ.

ಟ್ರಫಾಲ್ಗರ್: ಬಾಗಿಲು ತಾನಾಗಿ ಮುಚ್ಚಿಕೊಂಡಿತು

1805ರ ಅಕ್ಟೋಬರ್ 21. ಸ್ಪೇನಿನ ಟ್ರಫಾಲ್ಗರ್ ಭೂಶಿರದ ಬಳಿ ಇಂಗ್ಲಿಷರ 27 ದೊಡ್ಡ ಹಡಗುಗಳು, ಎದುರಿಗೆ ಫ್ರಾನ್ಸ್ ಮತ್ತು ಸ್ಪೇನಿನ 33. ಬೆಲೆರೊಫನ್‌ನ ಕ್ಯಾಪ್ಟನ್ ಜಾನ್ ಕುಕ್. ನೆಲ್ಸನ್ ಕ್ಯಾಪ್ಟನ್ನರಿಗೆ ಮಾತ್ರ ತಿಳಿಸಿದ್ದ ಯೋಜನೆಯನ್ನು ಕುಕ್ ಅಂದು ಬೆಳಿಗ್ಗೆ ತನ್ನ ಕೈಕೆಳಗಿನ ಇಬ್ಬರಿಗೆ ತೋರಿಸಿದ. ತಾನು ಬಿದ್ದರೆ ಹಡಗು ದಾರಿ ತಪ್ಪಬಾರದು ಎಂಬ ಮುಂದಾಲೋಚನೆ. ಕೆಳಗೆ ತೋಪಿನವರು ಸೀಮೆಸುಣ್ಣ ಹಿಡಿದು ತಮ್ಮ ತೋಪುಗಳ ಮೇಲೆ ‘ಸಾವು ಇಲ್ಲವೇ ಕೀರ್ತಿ’ ಎಂದು ಬರೆದುಕೊಂಡಿದ್ದರು. 

ಶತ್ರುಸಾಲನ್ನು ಸೀಳಿ ನುಗ್ಗಿದಾಗ ಹೊಗೆಯಲ್ಲಿ ಫ್ರೆಂಚ್ ಹಡಗು ‘ಎಗಲ್’ಗೆ ಡಿಕ್ಕಿಯಾಯಿತು. ಎರಡೂ ಹಡಗುಗಳ ಹಾಯಿಯ ಅಡ್ಡಕಂಬಗಳು ಸಿಕ್ಕಿಹಾಕಿಕೊಂಡವು. ಆ ಕಡೆ ಎಗಲ್, ಈ ಕಡೆ ಸ್ಪೇನಿನ ‘ಮೊನಾರ್ಕಾ’, ಸುತ್ತ ಇನ್ನೂ ಕೆಲವು. ಎಗಲ್ ತುಂಬ ಬಂದೂಕು ಹಿಡಿದ ಸೈನಿಕರು. ಅಧಿಕಾರಿಗಳ ಭುಜದ ಪಟ್ಟಿ ನೋಡಿಯೇ ಅವರು ಗುರಿ ಇಡುತ್ತಿದ್ದರು. ಭುಜಪಟ್ಟಿ ತೆಗೆದುಬಿಡಿ ಎಂದು ಲೆಫ್ಟಿನೆಂಟ್ ವಿಲಿಯಂ ಕಂಬಿ ಹೇಳಿದ. ಈಗ ಹೊತ್ತು ಮೀರಿತು ಎಂದ ಕುಕ್, ಪಿಸ್ತೂಲಿಗೆ ಗುಂಡು ತುಂಬುತ್ತಿದ್ದಾಗ ಎದೆಗೆ ಗುಂಡು ಬಿದ್ದು ಸತ್ತ. ಹಡಗಿನ ಹೊಣೆ ಕಂಬಿಯ ಮೇಲೆ ಬಿತ್ತು.

ಎಗಲ್‌ನವರು ಕೈಬಾಂಬ್ ಎಸೆಯುತ್ತಿದ್ದರು. ಡೆಕ್ ಮೇಲೆ ಬಿದ್ದ, ಬತ್ತಿ ಇನ್ನೂ ಉರಿಯುತ್ತಿದ್ದ ಒಂದನ್ನು ಕಂಬಿ ತಾನೇ ಎತ್ತಿ ಸಮುದ್ರಕ್ಕೆಸೆದ. ಇನ್ನೊಂದು ಕೆಳಗಿನ ತೋಪಿನ ಗೂಡಿನೊಳಗೆ ನುಗ್ಗಿ ಉಗ್ರಾಣದಲ್ಲಿ ಸಿಡಿಯಿತು. ಅದರ ಪಕ್ಕದಲ್ಲೇ ಮದ್ದಿನ ಮನೆ. ಸ್ಫೋಟದ ರಭಸಕ್ಕೆ ಉಗ್ರಾಣದ ಬಾಗಿಲು ಹಾರಿಹೋಯಿತು. ಅದೇ ರಭಸ ಮದ್ದಿನ ಮನೆಯ ಬಾಗಿಲನ್ನು ತಳ್ಳಿ ಮುಚ್ಚಿತು. ಮುಚ್ಚದಿದ್ದರೆ ಅಬೂಕಿರ್‌ನಲ್ಲಿ ಲೋರಿಯಾಂಗೆ ಆದದ್ದೇ ಇಲ್ಲಿ ಆಗುತ್ತಿತ್ತು. ಫ್ರೆಂಚರು ಹಡಗಿಗೆ ಹಾರಲು ಕಟಕಟೆ ಹಿಡಿದರೆ, ಇವರು ಆ ಕೈಗಳ ಮೇಲೆಯೇ ಬಡಿದು ಬೀಳಿಸಿದರು. ಕಡೆಗೆ ಎಗಲ್ ಬಿಡಿಸಿಕೊಂಡು ದೂರ ಸರಿಯಿತು, ಮೊನಾರ್ಕಾ ಶರಣಾಯಿತು. ಬೆಲೆರೊಫನ್‌ನಲ್ಲಿ 27 ಸಾವು, 123 ಮಂದಿಗೆ ಗಾಯ.

ಈ ಗದ್ದಲದ ನಡುವೆ ಬಾವುಟದ ಸನ್ನೆಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗ ಜಾನ್ ಫ್ರಾಂಕ್ಲಿನ್. ಹಿಂದೆ ಇದೇ ಹಡಗಿನಲ್ಲಿದ್ದ ಫ್ಲಿಂಡರ್ಸ್ ಜೊತೆ ಆಸ್ಟ್ರೇಲಿಯಾ ಯಾನಕ್ಕೆ ಹೋಗಿಬಂದಿದ್ದವನು. ಉತ್ತರಧ್ರುವದ ಹಿಮದಲ್ಲಿ ದಾರಿ ಹುಡುಕಲು ಹೋಗಿ 1847ರಲ್ಲಿ ಅಲ್ಲೇ ಕೊನೆಯುಸಿರೆಳೆದ. ಟ್ರಫಾಲ್ಗರ್‌ನಲ್ಲಿ ಸತ್ತ ನೆಲ್ಸನ್‌ನ ಶವ ಹೊತ್ತ ವಿಕ್ಟರಿಯ ಜೊತೆಯಲ್ಲೇ, ಗಾಯಗಳಿಗೆ ಹಲಗೆ ಬಡಿಸಿಕೊಂಡ ಬೆಲೆರೊಫನ್ ಇಂಗ್ಲೆಂಡಿಗೆ ಮರಳಿತು. ವಿಕ್ಟರಿ ಪೋರ್ಟ್ಸ್‌ಮತ್‌ಗೆ ಹೋಗಿ ಇತಿಹಾಸವಾಯಿತು. ಬೆಲೆರೊಫನ್ ಪ್ಲಿಮತ್‌ಗೆ ತಿರುಗಿ ಮತ್ತೆ ಕೆಲಸಕ್ಕೆ ಹತ್ತಿತು.

ಬಂದರಿನ ಬಾಯಲ್ಲಿ

ಹತ್ತು ವರ್ಷ ಕಳೆಯಿತು. 1815ರ ಜೂನ್ 18ರಂದು ವಾಟರ್‌ಲೂ ಕಾಳಗದಲ್ಲಿ ನೆಪೋಲಿಯನ್ ಸೋತ. ಅಮೆರಿಕಕ್ಕೆ ಹೋಗುವ ಆಸೆಯಿಂದ ಜುಲೈ 3ಕ್ಕೆ ರೋಶ್‌ಫೋರ್ ಬಂದರಿಗೆ ಬಂದ. ಅಲ್ಲಿ ಅವನಿಗಾಗಿ ‘ಸಾಲ್’ ಮತ್ತು ‘ಮೆಡ್ಯೂಸ್’ ಎಂಬ ಎರಡು ಹಗುರ ಯುದ್ಧಹಡಗುಗಳು ಕಾದಿದ್ದವು. ಬಂದರಿನಾಚೆ ಕ್ಯಾಪ್ಟನ್ ಫ್ರೆಡರಿಕ್ ಮೈಟ್‌ಲೆಂಡ್‌ನ ಕೈಯಲ್ಲಿ ಬೆಲೆರೊಫನ್ ಕಾದಿತ್ತು. ನಾನು ಬೆಲೆರೊಫನ್ ಮೇಲೆ ಬಿದ್ದು ಹೊಡೆದಾಡುತ್ತೇನೆ, ಅಷ್ಟರಲ್ಲಿ ಸಾಲ್ ಚಕ್ರವರ್ತಿಯನ್ನು ಹೊತ್ತು ಪಾರಾಗಲಿ ಎಂದು ಮೆಡ್ಯೂಸ್‌ನ ಕ್ಯಾಪ್ಟನ್ ಮುಂದೆ ಬಂದ. ಸಾಲ್‌ನ ಕ್ಯಾಪ್ಟನ್ ಒಪ್ಪಲಿಲ್ಲ.

ನೆಪೋಲಿಯನ್‌ನ ಆಪ್ತರು ಮೈಟ್‌ಲೆಂಡ್ ಬಳಿಗೆ ಹೋಗಿಬಂದರು. ಇಂಗ್ಲೆಂಡಿಗೆ ಕರೆದೊಯ್ಯಬಲ್ಲೆ, ಅಲ್ಲಿ ಏನಾಗುತ್ತದೆಂದು ಮಾತು ಕೊಡಲು ನನಗೆ ಅಧಿಕಾರವಿಲ್ಲ ಎಂದು ಅವನು ಹೇಳಿದ. ಜುಲೈ 15ರ ಬೆಳಗ್ಗೆ ನೆಪೋಲಿಯನ್ ಬೆಲೆರೊಫನ್‌ನ ಮೆಟ್ಟಿಲು ಹತ್ತಿದ. ಬರುತ್ತಿರುವವನು ಚಕ್ರವರ್ತಿಯೋ, ಕೈದಿಯೋ? ಸಲಾಮು ಮಾಡಬೇಕೋ, ಬೇಡವೋ? ಬೆಳಿಗ್ಗೆ ಎಂಟಕ್ಕೆ ಮುಂಚೆ ಗೌರವವಂದನೆ ಸಲ್ಲಿಸುವ ರೂಢಿ ಇಂಗ್ಲಿಷ್ ನೌಕಾಪಡೆಯಲ್ಲಿರಲಿಲ್ಲ. ಮೈಟ್‌ಲೆಂಡ್‌ಗೆ ಗಡಿಯಾರವೇ ನೆರವಾಯಿತು.

ಮೂರು ವಾರಕ್ಕೂ ಹೆಚ್ಚು ಕಾಲ ನೆಪೋಲಿಯನ್ ಈ ಹಡಗಿನಲ್ಲಿದ್ದ. ಮೈಟ್‌ಲೆಂಡ್ ತನ್ನ ಕೋಣೆ ಬಿಟ್ಟುಕೊಟ್ಟ. ಅತಿಥಿ ಹಡಗೆಲ್ಲ ಸುತ್ತಿದ, ತೋಪಿನವರನ್ನು ಪ್ರಶ್ನೆ ಕೇಳಿದ, ಹುಡುಗ ಅಧಿಕಾರಿಗಳು ಹೆಣ್ಣುವೇಷ ಹಾಕಿ ಆಡಿದ ನಾಟಕ ನೋಡಿ ನಕ್ಕ. ಒಮ್ಮೆ ಮೈಟ್‌ಲೆಂಡ್ ಜೊತೆ ಮಾತಾಡುತ್ತ, ನೀವು ಇಂಗ್ಲಿಷರು ಇಲ್ಲದಿದ್ದರೆ ನಾನು ಪೂರ್ವದೇಶದ ಚಕ್ರವರ್ತಿಯಾಗಿರುತ್ತಿದ್ದೆ, ಆದರೆ ಹಡಗು ತೇಲುವಷ್ಟು ನೀರು ಎಲ್ಲಿದ್ದರೂ ಅಲ್ಲಿ ನೀವು ಅಡ್ಡ ಬರುತ್ತೀರಿ ಎಂದ. ಆ ಮಾತು ಆಡಿದ್ದು, ಲೋರಿಯಾಂ ಎದುರು ಮೂರೂ ಕಂಬ ಕಳೆದುಕೊಂಡ ಹಡಗಿನ ಮೇಲೆ ನಿಂತು!

ಹಡಗು ಟಾರ್‌ಬೇಗೆ, ಆಮೇಲೆ ಪ್ಲಿಮತ್‌ಗೆ ಬಂದಾಗ ಇಂಗ್ಲೆಂಡೇ ಜಾತ್ರೆಗೆ ಹೊರಟಂತಾಯಿತು. ಸಮುದ್ರದ ಮೇಲೆ ದೋಣಿಗೆ ದೋಣಿ ತಾಗುವಷ್ಟು ಜನ. ಇಪ್ಪತ್ತು ವರ್ಷ ಮಕ್ಕಳನ್ನು ಹೆದರಿಸಲು ಬಳಸಿದ ಹೆಸರು ಈಗ ಕಣ್ಣೆದುರು ಟೋಪಿ ತೆಗೆಯುತ್ತಿತ್ತು. ಅವನು ಒಳಗೆ ಹೋದಾಗ ಜನ ಬೇಸರಪಡದಿರಲೆಂದು ಖಲಾಸಿಗಳು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು: ತಿಂಡಿಗೆ ಕೂತಿದ್ದಾನೆ, ಕಾಗದ ಬರೆಸುತ್ತಿದ್ದಾನೆ, ಈಗ ಬರುತ್ತಿದ್ದಾನೆ.

ಸರ್ಕಾರ ಮಾತ್ರ ಬೆವರುತ್ತಿತ್ತು. ಅವನು ನೆಲಕ್ಕೆ ಕಾಲಿಟ್ಟರೆ ಇಂಗ್ಲೆಂಡಿನ ಕಾನೂನಿನ ರಕ್ಷಣೆ ಕೇಳಬಹುದು. ಅಷ್ಟರಲ್ಲಿ, ಮಾನಹಾನಿ ಮೊಕದ್ದಮೆಯಲ್ಲಿ ಸಿಕ್ಕಿದ್ದ ಒಬ್ಬ ಕಿಲಾಡಿ, ನೆಪೋಲಿಯನ್ ನನ್ನ ಸಾಕ್ಷಿ ಎಂದು ನ್ಯಾಯಾಲಯದಿಂದ ಸಮನ್ಸ್ ಬರೆಸಿಕೊಂಡು ಬಂದ. ಸಮನ್ಸ್ ಕೈಗೆ ಬಿದ್ದರೆ ಗತಿಯೇನೆಂದು ಅಡ್ಮಿರಲ್ ಲಾರ್ಡ್ ಕೀತ್ ಹಡಗಿನಿಂದ ಹಡಗಿಗೆ ದೋಣಿಯಲ್ಲಿ ತಪ್ಪಿಸಿಕೊಂಡು ಓಡಾಡಿದ. ಯುರೋಪನ್ನು ನಡುಗಿಸಿದವನನ್ನು ಕಾಯುತ್ತಿದ್ದ ಅಡ್ಮಿರಲ್, ಕೈಯಲ್ಲಿ ಕಾಗದ ಹಿಡಿದವನಿಗೆ ಹೆದರಿ ಸಮುದ್ರದ ಮೇಲೆ ಓಡಿದ. ಆಗಸ್ಟ್ 4ರಂದು ಬೆಲೆರೊಫನ್‌ಗೂ ಕಡಲಿಗೆ ಹೊರಡಲು ಹೇಳಿಬಂತು. ಆಗಸ್ಟ್ 7ರಂದು ನೆಪೋಲಿಯನ್ನನನ್ನು ‘ನಾರ್ತಂಬರ್‌ಲೆಂಡ್’ಗೆ ಹತ್ತಿಸಿದರು. ಅದು ಅವನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಒಯ್ದಿತು.

ಕೈದುಮನೆ

ಹಡಗಿಗೂ ಅದೇ ಗತಿ ಕಾದಿತ್ತು. ಯುದ್ಧ ಮುಗಿದ ಮೇಲೆ ಎಪ್ಪತ್ನಾಲ್ಕುಗಳನ್ನು ಕೇಳುವವರಿರಲಿಲ್ಲ. ಆದರೆ ಜೈಲುಗಳು ತುಂಬಿದ್ದವು. ಹಳೆ ಹಡಗಿನ ಕಂಬ ಕಿತ್ತು, ಡೆಕ್ ಮೇಲೆ ಚಾವಣಿ ಎಬ್ಬಿಸಿ, ತೋಪಿನ ಗೂಡುಗಳಿಗೆ ಸರಳು ಹಾಕಿದರೆ ಜೈಲು ತಯಾರು. ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಓದಿದವರಿಗೆ ಮ್ಯಾಗ್ವಿಚ್ ತಪ್ಪಿಸಿಕೊಂಡು ಬಂದ ಅಂಥ ತೇಲುವ ಜೈಲಿನ ನೆನಪಿರುತ್ತದೆ. ಬೆಲೆರೊಫನ್ ಶೀರ್‌ನೆಸ್‌ನಲ್ಲಿ ಅಂಥ ಜೈಲಾಯಿತು. ಅದು ಮೆಡ್‌ವೇ ನದಿ ಸಮುದ್ರ ಸೇರುವ ಜಾಗ. ಹುಟ್ಟಿದ ನದಿಯ ಬಾಯಲ್ಲೇ ಹಡಗಿಗೆ ಸೆರೆ.

ಹಗಲು ಹಡಗುಕಟ್ಟೆಯಲ್ಲಿ ಕೂಲಿ, ರಾತ್ರಿ ಹಡಗಿನೊಳಗೆ ಬೀಗ. ಕೆಲವು ಕಾಲ ಇದನ್ನು ಹುಡುಗ ಕೈದಿಗಳಿಗಾಗಿಯೇ ಮೀಸಲಿಟ್ಟರು. ಹಿಂದೆ ಮದ್ದಿನ ಚೀಲ ಹೊತ್ತು ಹುಡುಗರು ಓಡಾಡಿದ ಡೆಕ್ ಅದು. ಈಗ ಸಣ್ಣಪುಟ್ಟ ಕಳವಿಗೆ ಸಿಕ್ಕಿಬಿದ್ದ ಹುಡುಗರು ಅಲ್ಲಿ ಸಾಲಾಗಿ ಕೂತಿದ್ದರು. 1825ರಲ್ಲಿ ಅವರನ್ನು ‘ಯೂರಿಯಾಲಸ್’ ಎಂಬ ಇನ್ನೊಂದು ತೇಲುವ ಜೈಲಿಗೆ ಸಾಗಿಸಿದರು. ಅದೂ ಟ್ರಫಾಲ್ಗರ್‌ನಲ್ಲಿ ಇದ್ದ ಹಡಗೇ.

1824ರಲ್ಲಿ ಹೆಸರನ್ನೂ ಕಿತ್ತುಕೊಂಡರು. ಬೆಲೆರೊಫನ್ ಎಂಬ ಹೆಸರು ಹೊಸ ಹಡಗೊಂದಕ್ಕೆ ಬೇಕಿತ್ತು. ಆ ಹಡಗಿಗೆ ಅಲ್ಲಿಯವರೆಗೆ ಇದ್ದ ಹೆಸರು ‘ವಾಟರ್‌ಲೂ’. ಹಳೆಯದಕ್ಕೆ ಇಟ್ಟ ಹೊಸ ಹೆಸರು ‘ಕ್ಯಾಪ್ಟಿವಿಟಿ’, ಅಂದರೆ ಸೆರೆವಾಸ. ನೆಪೋಲಿಯನ್‌ನ ಸೆರೆಗೆ ಹೊಸ್ತಿಲಾದ ಹಡಗಿಗೆ ಯಾರೂ ವ್ಯಂಗ್ಯ ಮಾಡಬೇಕೆಂದು ಈ ಹೆಸರಿಟ್ಟಿರಲಾರರು. ಸರ್ಕಾರಿ ಕಚೇರಿಯ ಪಟ್ಟಿಯಲ್ಲಿ ಅದು ಒಂದು ಜೈಲು, ಜೈಲಿಗೆ ತಕ್ಕ ಹೆಸರು, ಅಷ್ಟೆ. 1826ರಲ್ಲಿ ಪ್ಲಿಮತ್‌ಗೆ ಎಳೆದೊಯ್ದರು. ಎರಡು ದಶಕದ ಹಿಂದೆ ಟ್ರಫಾಲ್ಗರ್‌ನಿಂದ ಬಂದು ಸೇರಿದ, ದಶಕದ ಹಿಂದೆ ಸಾವಿರಾರು ಜನ ದೋಣಿಯಲ್ಲಿ ಬಂದು ಮುತ್ತಿದ ಬಂದರು ಅದು. ಈ ಸಲ ಯಾರೂ ನೋಡಲು ಬರಲಿಲ್ಲ.

1836ರಲ್ಲಿ ಒಡೆಯಲು ಮಾರಿದರು. ಅದೇ ನಕ್ಷೆಗಾರನ ಕೈಯಿಂದ ಬಂದ ವಿಕ್ಟರಿ ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿದೆ. ಟಿಕೆಟ್ ಕೊಟ್ಟು ಹತ್ತಿ ನೋಡಬಹುದು. ಅಡ್ಮಿರಲ್ ಸತ್ತ ಹಡಗನ್ನು ದೇಶ ಉಳಿಸಿಕೊಂಡಿತು. ಮೂರು ದೊಡ್ಡ ಸಮುದ್ರಕಾಳಗಗಳಲ್ಲಿ ಹೊಡೆದಾಡಿ, ಚಕ್ರವರ್ತಿಯನ್ನು ಹಿಡಿದುಕೊಟ್ಟ ಹಡಗು ಸೌದೆ ಲೆಕ್ಕಕ್ಕೆ ಹೋಯಿತು. ಸ್ಮಾರಕಗಳನ್ನು ಆರಿಸುವವರ ಕಣ್ಣಿಗೆ ಬೀಳಲು ದುಡಿಮೆ ಸಾಲದು, ಸಾವಿನ ಕಥೆ ಬೇಕು ಎನ್ನಿಸುತ್ತದೆ.

ಪೂರ್ತಿ ಮರೆತುಹೋಗದಂತೆ ನೋಡಿಕೊಂಡವರು ಹಡಗಿನಲ್ಲಿ ಬದುಕಿದ್ದವರೇ. ಮೂತಿಯ ಬೊಂಬೆಯ ಒಂದು ತುಂಡನ್ನೂ ಹಿಂಬದಿಯ ಕೆತ್ತನೆಯ ಕೆಲ ಚೂರುಗಳನ್ನೂ ಮೈಟ್‌ಲೆಂಡ್ ಕಾಪಾಡಿಕೊಂಡ. ಅವು ಮುಂದೆ ಪೋರ್ಟ್ಸ್‌ಮತ್‌ನ ನೌಕಾ ಸಂಗ್ರಹಾಲಯ ಸೇರಿದವು. ಪ್ಲಿಮತ್‌ನಲ್ಲಿ ಹಡಗಿನ ಮರ ಹರಾಜಿಗೆ ಬಂದಾಗ ಕೊಂಡವರಲ್ಲಿ ಒಬ್ಬ ಜಾರ್ಜ್ ಬೆಲಮಿ. ಮೂವತ್ತೆಂಟು ವರ್ಷದ ಹಿಂದೆ, ಅಬೂಕಿರ್‌ನ ಆ ರಾತ್ರಿ, ಲಾಟೀನು ಬೆಳಕಿನಲ್ಲಿ ಗಾಯಾಳುಗಳ ಕೈಕಾಲು ಕೊಯ್ದಿದ್ದ ಅದೇ ವೈದ್ಯ. ಹತ್ತಿರದ ಪ್ಲಿಮ್‌ಸ್ಟಾಕ್‌ನಲ್ಲಿ ತಾನು ಕಟ್ಟಿಸುತ್ತಿದ್ದ ಮನೆಗೆ ಅವನು ಆ ತೊಲೆಗಳನ್ನು ಹಾಕಿಸಿಕೊಂಡ.